ಅಪ್ಪನ ಬಟ್ಟೆ, ಅಮ್ಮನ ಉಸಿರು

ಮುಂಬಯಿಯ ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ಅಪ್ಪ 1984ರಿಂದ 2012ರವರೆಗೆ ಇಲ್ಲಿನ ಒಂದು ಆಸ್ಬೆಸ್ಟಾಸ್ ಕಾರ್ಖಾನೆಯಲ್ಲಿದ್ದರು. ಅವರು ಗಟ್ಟಿಯಾಗಿಯೇ ಇದ್ದಾರೆ. ಆ ಕಾರ್ಖಾನೆಯ ಗೇಟನ್ನೂ ನೋಡದ ಅಮ್ಮ ಹೋದ ವರ್ಷ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿನಿಂದ ತೀರಿಕೊಂಡರು. ಮೊದಲು ಆರು ತಿಂಗಳು ಟಿಬಿ ಮಾತ್ರೆ ಕೊಟ್ಟಿದ್ದರು. ಕೊನೆಗೆ ಒಬ್ಬ ಡಾಕ್ಟರು, 'ಯಜಮಾನರ ಕೆಲಸದ ಬಟ್ಟೆ ಯಾರು ಒಗೆಯುತ್ತಿದ್ದರು?' ಎಂದು ಕೇಳಿದರು. ಅವತ್ತಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. 'ನಾನೇ ಅವಳನ್ನ ಕೊಂದೆ' ಅಂತಾರೆ. ಬರೀ ಬಟ್ಟೆಯಿಂದ ಇಷ್ಟೆಲ್ಲ ಆಗುತ್ತದಾ? ನನಗೂ ತಮ್ಮನಿಗೂ ಏನಾದರೂ ಆಗಬಹುದಾ? ಅಪ್ಪನಿಗೆ ಏನು ಹೇಳಲಿ?"

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಕಾರ್ಖಾನೆಯ ಹೆಸರನ್ನೂ ಬಿಟ್ಟಿದ್ದೇವೆ. ನಿಮ್ಮ ಪತ್ರ ನಮ್ಮ ಆಫೀಸಿನಲ್ಲಿ ಕೈಯಿಂದ ಕೈಗೆ ಹೋಯಿತು. ಓದಿ ಮುಗಿಸಿದ ಒಬ್ಬರು ಸುಮ್ನೆ ತಲೆಯೆತ್ತಿ ನಮ್ಮ ಹಿಂದಿನ ಶೆಡ್ಡಿನ ಶೀಟ್ ನೋಡಿದರು. ಶೀಟಿನ ಮಾತು ಬೇರೆ, ಅದನ್ನು ಇನ್ನೊಮ್ಮೆ ಆಡೋಣ. ಇವತ್ತು ಬಟ್ಟೆಯ ಮಾತು.

ಆಗುತ್ತದೆ. ಬಟ್ಟೆಯಿಂದ ಆಗುತ್ತದೆ.

ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತಾರೆ. ಹೆಸರಿನಲ್ಲೇ ಎಲ್ಲ ಇದೆ. ಅದು ಕಲ್ಲು, ಆದರೆ ನಾರಿನ ಹಾಗೆ ಉದ್ದುದ್ದಕ್ಕೆ ಸೀಳುತ್ತಾ ಹೋಗುತ್ತದೆ. ಸೀಳಿದಷ್ಟೂ ತೆಳುವಾಗಿ ಕೊನೆಗೆ ಕಣ್ಣಿಗೇ ಕಾಣುವುದಿಲ್ಲ. ಅಂಗಿಯ ನೂಲಿಗೆ, ತಲೆಗೂದಲಿಗೆ ಸಿಕ್ಕಿಕೊಂಡು ಮನೆಗೆ ಬರುತ್ತದೆ. ನೀರಿಗೆ ಹಾಕುವ ಮುಂಚೆ ನಾವೆಲ್ಲ ಬಟ್ಟೆ ಕೊಡವುತ್ತೇವೆ ಅಲ್ವಾ? ಆ ಒಂದು ಕೊಡವಿಗೆ ಅದು ಗಾಳಿಗೇರಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಚಾಳಿನ ಒಂದೇ ಖೋಲಿಯಲ್ಲಿ ಒಲೆ, ಹಾಸಿಗೆ, ಬಟ್ಟೆ ಒಗೆಯುವ ಮೋರಿ ಎಲ್ಲ ಇದ್ದರೆ ಆ ಗಾಳಿ ಎಲ್ಲಿಗೆ ಹೋಗಬೇಕು? ಉಸಿರಿನೊಳಗೆ ಹೋದ ನಾರು ಕರಗುವುದೂ ಇಲ್ಲ, ಸುಲಭಕ್ಕೆ ಹೊರಗೆ ಬರುವುದೂ ಇಲ್ಲ. ಶ್ವಾಸಕೋಶದ ಸುತ್ತ ಇರುವ ಪೊರೆಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ. ನಿಮ್ಮ ಅಮ್ಮ ಮೊದಲ ಸಲ ಆ ಬಟ್ಟೆ ಒಗೆದು ಹತ್ತಿರ ಹತ್ತಿರ 40 ವರ್ಷ.

ಟಿಬಿ ಮಾತ್ರೆ ಕೊಟ್ಟರಲ್ಲ ಎಂದು ನೀವು ನೊಂದುಕೊಂಡಿದ್ದೀರಿ. ಎದೆಯಲ್ಲಿ ನೀರು ತುಂಬಿದರೆ ನಮ್ಮ ದೇಶದಲ್ಲಿ ಡಾಕ್ಟರಿಗೆ ಮೊದಲು ನೆನಪಾಗುವುದೇ ಟಿಬಿ. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ತಡವಾಗಿಯಾದರೂ ಬಟ್ಟೆಯ ಬಗ್ಗೆ ಕೇಳಿದರಲ್ಲ, ಆ ಡಾಕ್ಟರಿಗೆ ಮಾತ್ರ ನನ್ನ ನಮಸ್ಕಾರ. ಮನೆಯಲ್ಲಿರುವ ಹೆಂಗಸಿಗೆ "ನಿಮ್ಮ ಕೆಲಸ ಏನು" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರವೇ ಬರುತ್ತದೆ. ಕೇಸ್ ಪೇಪರಿನಲ್ಲೂ ಹಾಗೇ ಬರೆದುಕೊಳ್ಳುತ್ತಾರೆ.

ಈಗ ಅಪ್ಪನ ವಿಷಯ. ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಂಡಿತು. ಅವರ ಪಕ್ಕ ಕೂತು ಈ ಕೆಲವು ಇಸವಿಗಳನ್ನು ಓದಿ ಹೇಳಿ.

1965. ಲಂಡನ್ನಿನಲ್ಲಿ ಮ್ಯೂರಿಯಲ್ ನ್ಯೂಹೌಸ್, ಹಿಲ್ಡಾ ಥಾಂಪ್ಸನ್ ಎಂಬ ಇಬ್ಬರು ಇದೇ ಕಾಯಿಲೆಯ 76 ಜನರ ಹಿನ್ನೆಲೆ ಕೆದಕಿದರು. ಅದರಲ್ಲಿ ಒಂಬತ್ತು ಮಂದಿ ಕಲ್ನಾರಿನ ಕೆಲಸ ಮಾಡಿದವರೇ ಅಲ್ಲ. ಅವರ ಮನೆಯವರು ಮಾಡಿದ್ದರು, ಅಷ್ಟೆ. ಹೆಚ್ಚಿನವರು ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿಯರು. ಇಬ್ಬರು ಗಂಡಸರೂ ಇದ್ದರು. ಅವರು ಎಂಟೊಂಬತ್ತು ವರ್ಷದ ಹುಡುಗರಾಗಿದ್ದಾಗ ಅಕ್ಕ ಕಲ್ನಾರಿನ ಕಾರ್ಖಾನೆಗೆ ಹೋಗುತ್ತಿದ್ದಳು. ಆ ಕಾಲದ ಹುಡುಗಿಯರು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಮನೆಗೆ ಬರುತ್ತಿದ್ದರಂತೆ. ಇದು ಕದ್ದುಮುಚ್ಚಿ ಇಟ್ಟ ಗುಟ್ಟಲ್ಲ, ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಮಾತು. ನಿಮ್ಮ ಅಪ್ಪ ಕೆಲಸಕ್ಕೆ ಸೇರಲು ಇನ್ನೂ 19 ವರ್ಷ ಇತ್ತು.

1972. ಕಲ್ನಾರಿನ ದೂಳು ಮಿತಿ ಮೀರಿದ ಕಡೆ ಬಟ್ಟೆ ಬದಲಿಸಲು ಕೋಣೆ, ಮನೆ ಬಟ್ಟೆಗೊಂದು ಕೆಲಸದ ಬಟ್ಟೆಗೊಂದು ಬೇರೆ ಬೇರೆ ಲಾಕರ್ ಕೊಡಬೇಕೆಂದು ಅಮೆರಿಕ ನಿಯಮ ಮಾಡಿತು.

1986. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಲ್ನಾರಿಗೆಂದೇ ಒಂದು ಒಪ್ಪಂದ ತಂದಿತು. ಅದರ 18ನೇ ಕಲಮು ನೇರವಾಗಿದೆ: ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಲು ಬಿಡಬಾರದು, ಅದನ್ನು ಒಗೆಸುವ ಜವಾಬ್ದಾರಿ ಮಾಲೀಕನದು. ಅಷ್ಟು ಹೊತ್ತಿಗೆ ಅಪ್ಪನ ಸರ್ವಿಸ್ ಎರಡು ವರ್ಷ. ಅಮ್ಮ ಆಮೇಲೂ 26 ವರ್ಷ ಆ ಬಟ್ಟೆ ಒಗೆದರು. ಆ ಲೆಕ್ಕ ಹಾಕುವಾಗ ನನಗೇ ಸಿಟ್ಟು ಬಂತು.

ಇಟಲಿಯ ಕಸಾಲೆ ಮೊನ್‌ಫೆರ್ರಾತೋ ಎಂಬ ಊರಿನ ಒಬ್ಬ ಅಜ್ಜಿಯ ಕಥೆಯನ್ನೂ ಅಪ್ಪನಿಗೆ ಹೇಳಿ. ರೊಮಾನಾ ಬ್ಲಾಸೊತ್ತಿ ಅಂತ. ಅಲ್ಲಿ 1907ರಿಂದ 1986ರವರೆಗೆ ಎತರ್ನಿತ್ ಎಂಬ ಶೀಟ್ ಕಾರ್ಖಾನೆ ಇತ್ತು. ಅದರಲ್ಲಿ ದುಡಿದದ್ದು ಅವರ ಗಂಡ ಮಾರಿಯೊ. ಈ ಕಾಯಿಲೆಗೆ ಮೊದಲು ಗಂಡ ಹೋದರು. ಆಮೇಲೆ ಸಹೋದರಿ, ಬಂಧುಗಳಿಬ್ಬರು, ಕೊನೆಗೆ 2004ರಲ್ಲಿ ಮಗಳು. ಅಲ್ಲಿ ಬಟ್ಟೆಯೊಂದೇ ಕಾರಣ ಎನ್ನಲಾಗದು. ಕಾರ್ಖಾನೆಯ ಉಳಿಕೆ ಪುಡಿಯನ್ನು ಊರವರು ಅಂಗಳಕ್ಕೂ ಅಟ್ಟಕ್ಕೂ ಹಾಕಿಕೊಂಡಿದ್ದರು, ಊರಿನ ಗಾಳಿಯೇ ಕೆಟ್ಟಿತ್ತು. ರೊಮಾನಾ ಗಂಡನನ್ನು ದೂರಲಿಲ್ಲ. ನೊಂದವರ ಸಂಘಕ್ಕೆ ಅಧ್ಯಕ್ಷೆಯಾಗಿ ಕೋರ್ಟಿಗೆ ನಡೆದರು. 2012ರಲ್ಲಿ ತುರಿನ್ ಕೋರ್ಟು ಕಂಪನಿಯ ಹಳೆಯ ದೊಡ್ಡ ಯಜಮಾನ ಸ್ಟೀಫನ್ ಶ್ಮಿಡ್‌ಹೈನಿಗೆ 16 ವರ್ಷ ಜೈಲು ಎಂದಿತು. ಮರುವರ್ಷ ಅದು 18 ಆಯಿತು. 2014ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೇಸಿನ ಅವಧಿ ಮುಗಿದಿದೆ ಎಂದು ಶಿಕ್ಷೆ ರದ್ದು ಮಾಡಿತು. ಕಾಯಿಲೆ 40 ವರ್ಷ ತಡೆದು ಬರುತ್ತದೆ, ಕಾನೂನು ಅಷ್ಟು ಕಾಯುವುದಿಲ್ಲ. ರೊಮಾನಾ 2024ರಲ್ಲಿ ತೀರಿಕೊಂಡರು.

ನಿಮ್ಮಿಬ್ಬರ ಬಗ್ಗೆ. ಇದು ಅಂಟುರೋಗ ಅಲ್ಲ. ದೂಳು ಉಸಿರಾಡಿದವರಲ್ಲಿ ಹೆಚ್ಚಿನವರಿಗೆ ಈ ಕ್ಯಾನ್ಸರ್ ಬರುವುದೂ ಇಲ್ಲ. ಆದರೆ ಉಳಿದವರಿಗಿಂತ ನಿಮಗೆ ಅಪಾಯ ಜಾಸ್ತಿ ಎನ್ನುವುದು ನಿಜ. ಏನೂ ತೊಂದರೆ ಇಲ್ಲದಾಗ ವರ್ಷವರ್ಷ ಸ್ಕ್ಯಾನ್ ಮಾಡಿಸುತ್ತಾ ಕೂರಬೇಡಿ. ಬಿಡದ ಎದೆನೋವು, ಏದುಸಿರು, ಎದೆಯಲ್ಲಿ ನೀರು, ಇಂಥದ್ದು ಬಂದರೆ ಡಾಕ್ಟರು ಕೇಳಲಿ ಎಂದು ಕಾಯದೆ "ಅಪ್ಪ ಆಸ್ಬೆಸ್ಟಾಸ್ ಕಾರ್ಖಾನೆಯಲ್ಲಿದ್ದರು, ಬಟ್ಟೆ ಮನೆಯಲ್ಲೇ ಒಗೆಯುತ್ತಿದ್ದೆವು" ಎಂದು ನೀವೇ ಹೇಳಿ. ತಮ್ಮ ಸಿಗರೇಟು ಸೇದುತ್ತಿದ್ದರೆ ಬಿಡಿಸಿ. ಸಿಗರೇಟು ಮೀಸೋಥೀಲಿಯೋಮಾ ತರುವುದಿಲ್ಲ, ಆದರೆ ಕಲ್ನಾರಿನ ಜೊತೆ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಏರುತ್ತದೆ. ಅಪ್ಪ ಗಟ್ಟಿಯಾಗಿದ್ದಾರೆ ಎಂದು ಬಿಡಬೇಡಿ. ಎದೆಯ ಡಾಕ್ಟರಿಗೆ ಒಮ್ಮೆ ತೋರಿಸಿ.

ಇನ್ನೊಂದು ಕೆಲಸ ಬೇಗ ಆಗಬೇಕು. 1995ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಕಲ್ನಾರಿನ ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದು ಹೇಳಿದೆ. ನಿಮ್ಮ ಅಪ್ಪನ ಲೆಕ್ಕದಲ್ಲಿ ಅದು 2027. ಬಟ್ಟೆ ಒಗೆದ ಹೆಂಡತಿಯ ದಾಖಲೆಯ ಮಾತು ಅದರಲ್ಲಿಲ್ಲ. ಆದರೂ ಅಪ್ಪನ ಕಾಗದ ಸಿಕ್ಕರೆ ಅವರು ಎಷ್ಟು ದೂಳಿನಲ್ಲಿದ್ದರು, ಮನೆಗೆ ಏನು ಬಂತು ಎನ್ನುವುದಕ್ಕೆ ಅದೇ ಸಾಕ್ಷಿ. ಆ ದಾಖಲೆ ಕೊಡಿ ಎಂದು ಕಾರ್ಖಾನೆಗೆ ಕೊಡುವ ಅರ್ಜಿಯನ್ನು ಅಪ್ಪನ ಕೈಯಲ್ಲೇ ಬರೆಸಿ. ಎರಡು ಪ್ರತಿ ಇರಲಿ, ಒಂದರ ಮೇಲೆ ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬನ್ನಿ.