ಕೈಚಳಕವೋ, ಕಾಲಿನ ಕಸುವೋ?

ಪ್ರಶ್ನೆ: ಮಾಸ್ಟ್ರೇ, ನಾವು ಬದಿಯಡ್ಕದ ನಾಲ್ಕೈದು ಹುಡುಗರು. ಅಕ್ಟೋಬರ್ 23ರಂದು ಬೆಳಗ್ಗೆ ಐದಕ್ಕೇ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫಿಲಡೆಲ್ಫಿಯಾ ಮತ್ತು ಬೋಸ್ಟನ್ ಮ್ಯಾಚ್ ನೋಡಿದೆವು. 2025ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸುವುದು) ಮೂರನೇ ಆಯ್ಕೆಯಾಗಿ ಫಿಲಡೆಲ್ಫಿಯಾಗೆ ಬಂದ ಗಾರ್ಡ್ (ಚೆಂಡು ನಡೆಸುವ ಆಟಗಾರ) ವಿ.ಜೆ. ಎಜ್‌ಕೋಂಬ್ ಮೊದಲ ಮ್ಯಾಚಿನಲ್ಲೇ 34 ಪಾಯಿಂಟ್ ಹೊಡೆದ. ಅವತ್ತು ಶುರುವಾದ ಜಗಳ ಇನ್ನೂ ನಿಂತಿಲ್ಲ. ಒಬ್ಬ ಹೇಳುತ್ತಾನೆ, ಇವನದ್ದು ಬರೀ ಹಾರಾಟ ಮತ್ತು ಓಟ, ಸ್ಕಿಲ್ ಇಲ್ಲ, ಎರಡು ವರ್ಷದಲ್ಲಿ ಬಣ್ಣ ಬಯಲಾಗುತ್ತದೆ ಅಂತ. ಇನ್ನೊಬ್ಬ ಹೇಳುತ್ತಾನೆ, ಸ್ಕಿಲ್ ಕಲಿಸಬಹುದು, ಹಾರುವುದನ್ನು ಯಾರಿಗೂ ಕಲಿಸಲಿಕ್ಕೆ ಆಗುವುದಿಲ್ಲ ಅಂತ. ಯಾರು ಸರಿ?
– ಬದಿಯಡ್ಕದ ಓದುಗರು

ಉತ್ತರ: ಎರಡನೆಯವನ ಮಾತು ನಾನೂ ತುಂಬ ಕೇಳಿದ್ದೇನೆ. ಕೋಚುಗಳೇ ಹೇಳುತ್ತಾರೆ. ಆದರೆ ಅದನ್ನು ನಾನು ಒಪ್ಪುವುದಿಲ್ಲ. ಸ್ಕಿಲ್ ಕಲಿಸಬಹುದು ಅನ್ನುವುದು ಅಷ್ಟು ಸುಲಭದ ಮಾತಾಗಿದ್ದರೆ ಫಿಲಡೆಲ್ಫಿಯಾದವರೇ ಇಷ್ಟು ಹೊತ್ತಿಗೆ ಒಂದೆರಡು ಕಪ್ ಗೆದ್ದಿರುತ್ತಿದ್ದರು.

ಯಾಕೆ ಅಂತ ಹೇಳುತ್ತೇನೆ. ಇದೇ ತಂಡ 2016ರಲ್ಲಿ ಬೆನ್ ಸಿಮನ್ಸ್‌ನನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. ಆರಡಿ ಹತ್ತಿಂಚು ಎತ್ತರದ ಗಾರ್ಡ್. ಓಟ, ಪಾಸ್, ಡಿಫೆನ್ಸ್ ಎಲ್ಲದರಲ್ಲೂ ಮುಂದೆ, 2018ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಅವನಿಗೇ. ಒಂದೇ ಕೊರತೆ, ದೂರದಿಂದ ಶಾಟ್ ಹಾಕುತ್ತಿರಲಿಲ್ಲ. ಕಲಿಯುತ್ತಾನೆ ಬಿಡಿ ಅಂತ ಎಲ್ಲರೂ ಕಾದರು. 2021ರಲ್ಲಿ ಕಪ್ಪಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಅವನು 73 ಫ್ರೀಥ್ರೋ (ಫೌಲ್ ಆದಾಗ ಯಾರೂ ತಡೆಯದೆ ಹಾಕಲು ಸಿಗುವ ಶಾಟ್) ಹಾಕಿದ, ಒಳಗೆ ಹೋದದ್ದು 25. ಅಟ್ಲಾಂಟಾ ಎದುರಿನ ಏಳನೇ ಮ್ಯಾಚಿನ ಕೊನೇ ಕ್ವಾರ್ಟರ್‌ನಲ್ಲಿ ರಿಂಗಿನ ಅಡಿಯಲ್ಲೇ ಚೆಂಡು ಸಿಕ್ಕಿತು. ಎದುರಿಗಿದ್ದದ್ದು ತನಗಿಂತ ತುಂಬ ಗಿಡ್ಡ ಟ್ರೇ ಯಂಗ್. ಹಾರಿ ಚೆಂಡನ್ನು ರಿಂಗಿನೊಳಗೆ ತುರುಕುವ (ಡಂಕ್ ಮಾಡುವ) ಬದಲು ಪಾಸ್ ಕೊಟ್ಟುಬಿಟ್ಟ. ಫೌಲ್ ಆದರೆ ಮತ್ತೆ ಫ್ರೀಥ್ರೋ ಗೆರೆಯಲ್ಲಿ ನಿಲ್ಲಬೇಕಲ್ಲ, ಆ ಹೆದರಿಕೆ ಅಂತಲೇ ನಾನು ಅಂದುಕೊಂಡಿದ್ದೇನೆ. ಅಷ್ಟು ಎತ್ತರ, ಅಷ್ಟು ಕಸುವು ಇದ್ದೂ ಅವನಿಗೆ ಆ ಹೊತ್ತಿನಲ್ಲಿ ಏನೂ ಮಾಡಲಿಕ್ಕೆ ಆಗಲಿಲ್ಲ. ಫಿಲಡೆಲ್ಫಿಯಾ ಪರವಾಗಿ ಅವನು ಮತ್ತೆ ಆಡಲೇ ಇಲ್ಲ.

ಸಿಮನ್ಸ್ ಬಂದ ಮರುವರ್ಷ, ಅಂದರೆ 2017ರಲ್ಲಿ, ಮತ್ತೆ ಮೊದಲ ಆಯ್ಕೆ ಇದೇ ತಂಡದ್ದು, ಮತ್ತೆ ಗಾರ್ಡ್. ಮಾರ್ಕೆಲ್ ಫುಲ್ಟ್ಸ್. ಇವನಿಗೆ ಕಾಲೇಜಿನಲ್ಲಿ ಶಾಟ್ ಚೆನ್ನಾಗಿಯೇ ಇತ್ತು. ಭುಜದ ಹತ್ತಿರ ನರ ಒತ್ತಿಹೋಗುವ ತೊಂದರೆ ಅಂತ 2018ರ ಡಿಸೆಂಬರ್‌ನಲ್ಲಿ ಪತ್ತೆಯಾಯಿತು, ಅಷ್ಟರಲ್ಲಿ ಆ ಶಾಟ್ ಹೋಗಿಯಾಗಿತ್ತು. ಪಾಪ, ಅವನ ತಪ್ಪಲ್ಲ. ಓಟ, ಜಿಗಿತ ಎಲ್ಲ ಹಾಗೇ ಇದ್ದರೂ ಶಾಟ್ ಹೋದ ಮೇಲೆ ಡಿಫೆಂಡರ್‌ಗಳು ಎರಡು ಹೆಜ್ಜೆ ಹಿಂದೆ ನಿಂತು ದಾರಿಯನ್ನೇ ಮುಚ್ಚಿಬಿಟ್ಟರು. 2019ರ ಫೆಬ್ರುವರಿಯಲ್ಲಿ ಒರ್ಲಾಂಡೊಗೆ ಹೋದ.

ಹಾಗಂತ ಮೊದಲನೆಯವನು ಗೆದ್ದ ಅಂತಲ್ಲ. ಜಿಮ್ಮರ್ ಫ್ರೆಡೆಟ್ ನೆನಪಿದೆಯಾ? 2011ರಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಹೊಡೆದವನು, ಹತ್ತನೇ ಆಯ್ಕೆ. ಅವನ ಕೈಯ ಬಗ್ಗೆ ಯಾರೂ ತಕರಾರು ಎತ್ತಿರಲಿಲ್ಲ. ಎನ್‌ಬಿಎಗೆ ಬಂದಾಗ ಶಾಟ್ ಹಾಕುವಷ್ಟು ಜಾಗ ಬಿಡಿಸಿಕೊಳ್ಳಲು ಕಷ್ಟಪಟ್ಟ, ಎದುರಿನ ವೇಗದ ಗಾರ್ಡ್‌ಗಳನ್ನು ತಡೆಯಲೂ ಕಷ್ಟಪಟ್ಟ. ಅಲ್ಲಿ ಅವನು ನೆಲೆ ನಿಲ್ಲಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 3x3 (ಮೂವರು ಮೂವರಾಗಿ ಆಡುವ ಬಾಸ್ಕೆಟ್‌ಬಾಲ್) ತಂಡದಲ್ಲಿ ಆಡಿದ, ಅದು ಬೇರೆ ಕಥೆ.

ಈಗ ನನ್ನ ಅಭಿಪ್ರಾಯ. ನಿಮ್ಮ ಜಗಳದಲ್ಲಿ ಇಬ್ಬರೂ ಕಸುವು ಅಂದರೆ ಹಾರುವುದು ಮತ್ತು ಓಡುವುದು ಅಂತಲೇ ಇಟ್ಟುಕೊಂಡಿದ್ದೀರಿ. ಗಾರ್ಡ್‌ಗೆ ಅದಕ್ಕಿಂತ ದೊಡ್ಡ ಕಸುವು ನಿಲ್ಲುವುದು. ಪೂರ್ತಿ ವೇಗದಲ್ಲಿ ಬಂದು ಒಂದೇ ಹೆಜ್ಜೆಯಲ್ಲಿ ತಡೆದು ನಿಲ್ಲಬೇಕು, ಮೈ ಮುಂದಕ್ಕೆ ಬೀಳಬಾರದು, ನಿಂತ ಗಳಿಗೆಯಲ್ಲೇ ಶಾಟ್, ಪಾಸ್, ಮತ್ತೆ ಓಟ ಮೂರೂ ಕೈಯಲ್ಲಿರಬೇಕು. ನಮ್ಮ ಕಡೆ ಕಬಡ್ಡಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ರೈಡರ್ ಗೆರೆಯ ಹತ್ತಿರ ಗಕ್ಕನೆ ನಿಂತಾಗಲೇ ಅಲ್ವಾ ಡಿಫೆಂಡರ್‌ನ ಕಾಲು ತಪ್ಪುವುದು? ಎನ್‌ಬಿಎಯ ಗಾರ್ಡ್ ಲೂಕಾ ಡಾನ್ಸಿಚ್ ಎತ್ತರಕ್ಕೆ ಹಾರುವವನಲ್ಲ, ವೇಗದ ಓಟಗಾರನೂ ಅಲ್ಲ. ಆದರೆ ಅಮೆರಿಕದ ಸ್ಯಾಂಟಾ ಬಾರ್ಬರಾದಲ್ಲಿ ಪಿ3 ಅಂತ ಆಟಗಾರರ ಚಲನೆ ಅಳೆಯುವ ಒಂದು ಕೇಂದ್ರ ಇದೆ, ಅಲ್ಲಿ ಅವನದ್ದೂ ಇನ್ನೊಬ್ಬ ಗಾರ್ಡ್ ಜೇಮ್ಸ್ ಹಾರ್ಡನ್‌ನದ್ದೂ ಬ್ರೇಕ್ ಹಾಕುವ ಶಕ್ತಿ ತುಂಬ ಮೇಲಿನ ಮಟ್ಟದ್ದು ಅಂತ ಕಂಡುಬಂದಿದೆ. ಇದು ಕಣ್ಣಿಗೆ ಬೀಳುವುದಿಲ್ಲ. ಡಂಕ್ ಮಾತ್ರ ಫೋನಿನಲ್ಲಿ ಹತ್ತು ಸಲ ಬರುತ್ತದೆ, ಹಾಗಾಗಿ ನಾವು ಅದನ್ನೇ ಎಣಿಸುತ್ತೇವೆ.

ಬರೀ ಹಾರಾಟವನ್ನೇ ನೆಚ್ಚಿಕೊಂಡ ಗಾರ್ಡ್‌ನ ಮೊಣಕಾಲಿನ ಬಗ್ಗೆ ನನಗೆ ಯಾವಾಗಲೂ ಭಯ. ಡೆರಿಕ್ ರೋಸ್ 2011ರಲ್ಲಿ 22 ವರ್ಷಕ್ಕೇ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಆದ, ಇಷ್ಟು ಚಿಕ್ಕ ವಯಸ್ಸಿಗೆ ಅದು ಇನ್ನೊಬ್ಬರಿಗೆ ಸಿಕ್ಕಿಲ್ಲ. 2012ರ ಏಪ್ರಿಲ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು, ಆಮೇಲೆ ಆ ಮೊದಲಿನ ರೋಸ್ ಬರಲೇ ಇಲ್ಲ.

ಇನ್ನು ಎಜ್‌ಕೋಂಬ್. ಅವನಿಗೆ ಸ್ಕಿಲ್ ಇಲ್ಲ ಅನ್ನುವುದು ಸುಮ್ನೆ ಮಾತು. ಬೋಸ್ಟನ್ ಎದುರು ದೂರದಿಂದ ಹಾಕುವ ಮೂರು ಪಾಯಿಂಟಿನ ಶಾಟ್ ಐದು ಹಾಕಿದ್ದಾನೆ, ಹಾರಿ ಹಾರಿ ಅದನ್ನು ಹಾಕಲಿಕ್ಕೆ ಆಗುವುದಿಲ್ಲ. ಎನ್‌ಬಿಎಯ ಮೊದಲ ಮ್ಯಾಚಿನಲ್ಲಿ ಅವನಿಗಿಂತ ಜಾಸ್ತಿ ಹೊಡೆದವರು ಇಬ್ಬರೇ, ವಿಲ್ಟ್ ಚೇಂಬರ್ಲಿನ್ 43, ಫ್ರಾಂಕ್ ಸೆಲ್ವಿ 35. ಇನ್ನೊಂದು ವಿಷಯ. 2024ರ ಜುಲೈನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಗಳು ನಡೆದಾಗ ಅವನು ಬಹಾಮಾಸ್ ಪರ ಆಡಿದ್ದ, ಆಗಿನ್ನೂ 18. ಜೊತೆಗಿದ್ದವರು ಬಡ್ಡಿ ಹೀಲ್ಡ್, ಡಿಯಾಂಡ್ರೆ ಏಟನ್‌ರಂಥ ಪಳಗಿದವರು. ದೊಡ್ಡವರ ನಡುವೆ ಆಡುವುದನ್ನು ಅವನು ಕಾಲೇಜಿಗೆ ಮೊದಲೇ ನೋಡಿದ್ದಾನೆ.

ಆದರೂ ನನಗೆ ಒಂದು ಚಿಂತೆ ಇದೆ. ಅವತ್ತು ಪಕ್ಕದಲ್ಲಿ ಅವನದೇ ತಂಡದ ಟೈರೀಸ್ ಮ್ಯಾಕ್ಸಿ 40 ಹೊಡೆದ, ಡಿಫೆನ್ಸಿನ ಕಣ್ಣೆಲ್ಲ ಅವನ ಮೇಲೆ. ಎಜ್‌ಕೋಂಬ್‌ಗೆ ಜಾಗ ಸಿಕ್ಕಿತು. ಮುಂದೆ ಎದುರಾಳಿಗಳು ಅವನ ವಿಡಿಯೊ ನೋಡಿಕೊಂಡು ಬರುತ್ತಾರೆ, ಹಿಂದೆ ನಿಂತು, ಹಾಕಪ್ಪ ಶಾಟ್, ಅಂತ ಬಿಡುತ್ತಾರೆ. ಬೇಲರ್ ಕಾಲೇಜಿನಲ್ಲಿ ಅವನ ಮೂರು ಪಾಯಿಂಟಿನ ಶಾಟ್ ಮೂರಕ್ಕೆ ಒಂದರ ಲೆಕ್ಕದಲ್ಲಿ ಬೀಳುತ್ತಿತ್ತು, ಅದು ಸಾಧಾರಣ. ಫ್ರೀಥ್ರೋ ಮಾತ್ರ ನೂರಕ್ಕೆ 78ರ ಆಸುಪಾಸು. ಶಾಟ್ ಸುಧಾರಿಸುತ್ತದಾ ಅಂತ ನೋಡುವವರು ಮೊದಲು ಫ್ರೀಥ್ರೋ ನೋಡುತ್ತಾರೆ, ಯಾಕೆಂದರೆ ಅಲ್ಲಿ ಯಾರೂ ತಡೆಯುವುದಿಲ್ಲ, ಕೈ ಹೇಗಿದೆ ಅಂತ ಗೊತ್ತಾಗುತ್ತದೆ. ಆ ಲೆಕ್ಕದಲ್ಲಿ ನನಗೆ ಇವನ ಮೇಲೆ ನಂಬಿಕೆ ಇದೆ. ಸಿಮನ್ಸ್‌ನ ಹಾಗೆ ಆಗಲಾರ.

ಪ್ರಶ್ನೆ: ನಮ್ಮ ದೇಶದವರು ಯಾರಾದರೂ ಎನ್‌ಬಿಎ ಡ್ರಾಫ್ಟ್‌ನಲ್ಲಿ ಬಂದಿದ್ದಾರಾ?
– ಕುಂಬಳೆಯ ಓದುಗ

ಉತ್ತರ: ಬಂದಿದ್ದಾರೆ. ಪಂಜಾಬಿನ ಸತ್ನಾಮ್ ಸಿಂಗ್, 2015ರಲ್ಲಿ, ಡಲ್ಲಾಸ್ ತಂಡಕ್ಕೆ 52ನೇ ಆಯ್ಕೆ. ಏಳಡಿ ಮೀರಿದ ಸೆಂಟರ್, ಅಂದರೆ ರಿಂಗಿನ ಹತ್ತಿರ ಆಡುವವನು. ಎನ್‌ಬಿಎ ಲೀಗ್ ಮ್ಯಾಚ್ ಆಡುವ ಅವಕಾಶ ಸಿಗಲಿಲ್ಲ.

ಪ್ರಶ್ನೆ: ಮಗಳು ಏಳನೇ ಕ್ಲಾಸು. ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಆದರೆ ಕ್ಲಾಸಿನಲ್ಲಿ ಅವಳೇ ಗಿಡ್ಡ. ಮಳೆಗಾಲದಲ್ಲಿ ಶಾಲೆಯ ಸಿಮೆಂಟ್ ಕೋರ್ಟ್ ಪಾಚಿ ಹಿಡಿದು ಜಾರುತ್ತದೆ, ನಾಲ್ಕು ತಿಂಗಳು ಆಟ ಬಂದ್. ಅವಳಿಗೆ ಏನು ಕಲಿಸಬೇಕು ಮಾಸ್ಟ್ರೇ?
– ಮಂಜೇಶ್ವರದ ಒಬ್ಬ ತಾಯಿ

ಉತ್ತರ: ಎತ್ತರದ ಚಿಂತೆ ಈಗಲೇ ಬೇಡ. ಮಗ್ಸಿ ಬೋಗ್ಸ್ ಅಂತ ಒಬ್ಬ ಗಾರ್ಡ್ ಇದ್ದ, ಐದಡಿ ಮೂರಿಂಚು. ಎನ್‌ಬಿಎಯಲ್ಲಿ 14 ಸೀಸನ್ ಆಡಿದ. ಮಗಳು ಗಾರ್ಡ್ ಆಗಲಿ.

ಪಾಚಿ ಕಟ್ಟಿದ ಕೋರ್ಟಿಗೆ ಮಾತ್ರ ಖಂಡಿತ ಇಳಿಸಬೇಡಿ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಗಂಡುಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಆದ್ದರಿಂದ ಹಾರುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಯಲಿ, ಎರಡೂ ಕಾಲಿನ ಮೇಲೆ, ಮಂಡಿ ಬಗ್ಗಿಸಿ, ಮಂಡಿಗಳು ಒಳಗೆ ಬಾಗದ ಹಾಗೆ. ಇದಕ್ಕೆ ಕೋರ್ಟ್ ಬೇಡ, ಮನೆಯ ಒಣಗಿದ ಚಾವಡಿ ಸಾಕು. ಓಡಿ ಬಂದು ಎರಡೂ ಕಾಲಿನಲ್ಲಿ ನಿಲ್ಲುವ ಜಂಪ್ ಸ್ಟಾಪ್ ಕೂಡ ಅಲ್ಲೇ ಆಗುತ್ತದೆ. ಎಡಗೈ ಡ್ರಿಬಲ್ ದಿನವೂ ಮಾಡಲಿ, ಬಲಗೈಯವರಾದರೆ ಎಡಗೈ ಯಾವಾಗಲೂ ಹಿಂದೆ ಬೀಳುತ್ತದೆ. ಅದು ಬಂದರೆ ಎದುರಿನ ಹುಡುಗಿಗೆ ಇವಳು ಯಾವ ಕಡೆ ಹೋಗುತ್ತಾಳೆ ಅಂತ ಗೊತ್ತಾಗುವುದಿಲ್ಲ. ಶಾಟ್ ಅಭ್ಯಾಸ ಮಳೆ ನಿಂತ ಮೇಲೆ ಮಾಡಿದರೂ ಆಯಿತು.

ಚೆಂಡು ಮಾತ್ರ ನೋಡಿ ತೆಗೆದುಕೊಳ್ಳಿ. ಅಂಗಡಿಯವರು ಕೈಗೆ ಸಿಕ್ಕಿದ 7ನೇ ಸೈಜ್ ಕೊಟ್ಟುಬಿಡುತ್ತಾರೆ, ಅದು ದೊಡ್ಡ ಗಂಡಸರದ್ದು. ಹೆಂಗಸರು ಆಡುವುದು 6ನೇ ಸೈಜ್, ಹನ್ನೆರಡಕ್ಕಿಂತ ಚಿಕ್ಕ ಮಕ್ಕಳಿಗೆ 5. ದೊಡ್ಡ ಚೆಂಡಿನಲ್ಲಿ ಕಲಿತ ಮಗು ಕೈ ಸಾಲದೆ ಎದೆಯಿಂದ ದಬ್ಬಿ ಎಸೆಯುತ್ತದೆ, ಆಮೇಲೆ ಆ ಅಭ್ಯಾಸ ಬಿಡಿಸುವುದು ತುಂಬ ಕಷ್ಟ. ರಿಂಗ್ ಕೂಡ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್ ಎತ್ತರ, ದೊಡ್ಡವರಿಗೆ 3.05. ಶಾಲೆಯ ರಿಂಗ್ ಇಳಿಸಲು ಆಗುವಂಥದ್ದಾದರೆ ಪಿ.ಟಿ. ಮಾಸ್ಟ್ರಲ್ಲಿ ಒಮ್ಮೆ ಕೇಳಿ ನೋಡಿ, ಚಿಕ್ಕ ಕ್ಲಾಸಿನ ಮಕ್ಕಳಿಗೂ ಅನುಕೂಲ ಆಗುತ್ತದೆ.