ಸಂಪಾದಕರ ಉತ್ತರ: ಮಗನ ಅಂಗಡಿ ಬೇರೆ, ಅಮ್ಮನ ಅಂಗಡಿ ಬೇರೆ

ಮೈಸೂರಿನ ಓದುಗರೊಬ್ಬರು ದೊಡ್ಡ ಪತ್ರ ಬರೆದಿದ್ದಾರೆ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರ ಇಷ್ಟು: ಅವರ ತಂದೆ ವೈದ್ಯರು. 1963ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿ, ಸಂಸಾರ ಸಮೇತ ಲ್ಯಾಂಕಾಶೈರಿನ ಒಂದು ಹತ್ತಿಗಿರಣಿ ಊರಿಗೆ ಹೋದರು. ಪತ್ರ ಬರೆದವರು ಆಗ ಪುಟ್ಟ ಹುಡುಗ. ಬೀದಿ ಮೂಲೆಯ ಮಿಠಾಯಿ ಅಂಗಡಿ, ಕೋ-ಆಪ್ ಎಂಬ ಸಹಕಾರಿ ಅಂಗಡಿ, ಕಾಗದದಲ್ಲಿ ಸುತ್ತಿಕೊಡುತ್ತಿದ್ದ ಬಿಸಿ ಬಿಸಿ ಚಿಪ್ಸ್, ವೂಲ್‌ವರ್ತ್ಸ್, ಎಲ್ಲವೂ ಅವರಿಗೆ ಇನ್ನೂ ನೆನಪಿದೆ. ಈಚೆಗೆ ಮಗಳ ಮನೆಗೆಂದು ಮ್ಯಾಂಚೆಸ್ಟರಿಗೆ ಹೋದವರು ಆ ಬೀದಿಯನ್ನು ನೋಡಿ ಬಂದರಂತೆ. ಒಂದು ಅಂಗಡಿಯೂ ಉಳಿದಿಲ್ಲ. ‘ಅಷ್ಟು ಚೆಂದದ ಅಂಗಡಿಗಳನ್ನು ಕೊಂದವರು ಯಾರು? ನನ್ನ ಹಳೆಯ ಸಹಪಾಠಿ, ಹೊರಗಿನಿಂದ ಬಂದವರೇ ಹಾಳು ಮಾಡಿದ್ದು ಅಂದ. ಹೌದೇ? ಅಂಥ ಅಂಗಡಿ ಈಗ ಎಲ್ಲಾದರೂ ನೋಡಲು ಸಿಗುತ್ತದೆಯೇ?’ ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಮೊದಲು ಮಿಠಾಯಿ ವಿಷಯ, ಏಕೆಂದರೆ ನಿಮ್ಮ ಪತ್ರದ ಅರ್ಧ ಅದೇ ಇದೆ. ಗೋಡೆ ತುಂಬ ಗಾಜಿನ ಜಾಡಿಗಳು. ಪಿಯರ್ ಡ್ರಾಪ್ಸ್, ಹಂಬಗ್ಸ್, ಆನಿಸೀಡ್ ಬಾಲ್ಸ್. ಕಾಲು ಪೌಂಡ್ ತೂಗಿ, ಬಿಳಿ ಕಾಗದದ ಚೀಲಕ್ಕೆ ಸುರಿದು, ಎರಡು ಮೂಲೆ ಹಿಡಿದು ಗಿರ್ರನೆ ತಿರುಗಿಸಿ ಕೊಡುವ ಅಂಗಡಿಯಾಕೆ. ಆಕೆ ತಕ್ಕಡಿ ಸಮಕ್ಕೆ ಬಂದ ಮೇಲೂ ಇನ್ನೊಂದು ಹಾಕುತ್ತಿದ್ದಳು ಎಂದು ಬರೆದಿದ್ದೀರಿ. ಆ ಒಂದು ಮಿಠಾಯಿಯ ಬೆಲೆ ಏನೆಂದು ಅಂಗಡಿಯಾಕೆಗೆ ಚೆನ್ನಾಗಿ ಗೊತ್ತಿತ್ತು. ಬ್ರಿಟನ್‌ನಲ್ಲಿ ಮಿಠಾಯಿಗೆ 1942ರ ಜುಲೈನಲ್ಲಿ ರೇಷನ್ ಬಂತು. ಯುದ್ಧ ಮುಗಿದರೂ ಅದು ಹೋಗಲಿಲ್ಲ. 1949ರ ಏಪ್ರಿಲ್‌ನಲ್ಲಿ ಸರ್ಕಾರ ಒಮ್ಮೆ ತೆಗೆದು ನೋಡಿತು. ಜನ ಮುಗಿಬಿದ್ದರು, ಜಾಡಿಗಳು ಬರಿದಾದವು, ಆಗಸ್ಟ್‌ನಲ್ಲಿ ಮತ್ತೆ ಕೂಪನ್. ಕೊನೆಗೂ ಅದು ತೊಲಗಿದ್ದು 1953ರ ಫೆಬ್ರವರಿ 5ರಂದು. ಅವತ್ತು ಮಕ್ಕಳು ಹುಂಡಿ ಒಡೆದುಕೊಂಡು ಅಂಗಡಿಗೆ ಓಡಿದರು. ಲಂಡನ್ನಿನ ಕ್ಲಾಪಮ್‌ನಲ್ಲಿ ಒಂದು ಕಂಪನಿ ಮಕ್ಕಳಿಗೆ ಪುಕ್ಕಟೆ ಲಾಲಿಪಾಪ್ ಹಂಚಿತು. ನೀವು ಆ ಕೌಂಟರಿಗೆ ಮೂಗು ತಾಗಿಸಿ ನಿಂತದ್ದು ಇದಾದ ಬರೀ ಹತ್ತು ವರ್ಷಕ್ಕೆ. ನಿಮ್ಮ ಬೀದಿಯ ದೊಡ್ಡ ಹುಡುಗರೆಲ್ಲ ಕೂಪನ್ ಕತ್ತರಿಸಿ ಕೊಟ್ಟು ಬೆಳೆದವರು.

ದುಡ್ಡಿನ ಬಗ್ಗೆ ನೀವು ಬರೆದ ಸಾಲು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಹಿಡಿಸಿತು. ಶಾಲೆಯಲ್ಲಿ ನೀವು ಪೆನ್ಸ್-ಶಿಲಿಂಗ್ ಲೆಕ್ಕಕ್ಕೆ ತಡಕಾಡುತ್ತಿದ್ದರೆ, ಅಮ್ಮ ಮಾತ್ರ ಬಾಯಲ್ಲೇ ಹೇಳಿಬಿಡುತ್ತಿದ್ದರಂತೆ. ಅದರಲ್ಲಿ ಆಶ್ಚರ್ಯವಿಲ್ಲ. ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್. ಅಮ್ಮ ಕಲಿತದ್ದು ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ನಮ್ಮಲ್ಲಿ 1957ರ ಏಪ್ರಿಲ್ 1ಕ್ಕೇ ನಯಾ ಪೈಸೆ ಬಂದು ನೂರರ ಲೆಕ್ಕ ಶುರುವಾಗಿತ್ತು. ನೀವು ಹೊಸ ಲೆಕ್ಕದ ದೇಶದಿಂದ ಹಳೆ ಲೆಕ್ಕದ ದೇಶಕ್ಕೆ ಹೋದಿರಿ. ಬ್ರಿಟನ್ ನೂರರ ಲೆಕ್ಕಕ್ಕೆ ಬಂದದ್ದು 1971ರ ಫೆಬ್ರವರಿ 15ಕ್ಕೆ. ಅಲ್ಲಿವರೆಗೆ ಒಂದು ಪೆನ್ನಿಗೆ ನಾಲ್ಕು ಬ್ಲ್ಯಾಕ್ ಜ್ಯಾಕ್ ಮಿಠಾಯಿ ಬರುತ್ತಿತ್ತು. ಪೌಂಡಿಗೆ 240 ಇದ್ದ ಪೆನ್ನಿ 100ಕ್ಕೆ ಇಳಿದಾಗ ಅಂಗಡಿಯವರು ನಮ್ಮ ಕಿಸೆಗೆ ಕೈ ಹಾಕಿದರು ಎಂದು ಆ ತಲೆಮಾರಿನವರು ಇವತ್ತಿಗೂ ಗೊಣಗುತ್ತಾರೆ.

ಈಗ ಒಂದು ತಕರಾರು. ಇಷ್ಟುದ್ದದ ಪತ್ರದಲ್ಲಿ ಅಮ್ಮ ಬರುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಒಂದು ಈ ಲೆಕ್ಕದಲ್ಲಿ. ಇನ್ನೊಂದು, ಸೀರೆ ಮೇಲೆ ಕೋಟು ಹಾಕಿಕೊಂಡು ಕೋ-ಆಪ್‌ನ ಸಾಲಿನಲ್ಲಿ ನಿಂತಿರುವಾಗ. ನೀವು ಕೇಳಿದ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಆ ಕಾಲದ ಹೆಂಗಸರಿಗೆ ಅಂಗಡಿಗೆ ಹೋಗುವುದು ದಿನದ ಕೆಲಸ. 1950ರ ದಶಕದ ನಡುವೆ ಬ್ರಿಟನ್‌ನಲ್ಲಿ ಹತ್ತು ಮನೆಗೆ ಒಂದು ಫ್ರಿಜ್ಜೂ ಇರಲಿಲ್ಲ. ಹಾಲು ಮನೆ ಬಾಗಿಲಿಗೆ ಬರುತ್ತಿತ್ತು. ಮಿಕ್ಕಿದ್ದಕ್ಕೆಲ್ಲ ಓಡಾಡಬೇಕು. ಬ್ರೆಡ್ಡಿಗೆ ಬೇಕರಿ, ತರಕಾರಿಗೆ ಒಂದಂಗಡಿ, ಸೀಮೆಎಣ್ಣೆ ಮೊಳೆಗೆ ಇನ್ನೊಂದು. ಒಂದೊಂದರಲ್ಲೂ ಸಾಲು. ಸಾಮಾನೆಲ್ಲ ಕೌಂಟರಿನ ಆಚೆ. ಕಿರಾಣಿಯವನು ಬೆಣ್ಣೆಯನ್ನು ದೊಡ್ಡ ಮುದ್ದೆಯಿಂದ ತೆಗೆದು, ಎರಡು ಮರದ ಪಟ್ಟಿಗಳಲ್ಲಿ ತಟ್ಟಿ ತಟ್ಟಿ ಚೌಕ ಮಾಡಿ, ತೂಗಿ, ಕಾಗದ ಸುತ್ತಿ ಕೊಡುತ್ತಿದ್ದ. ನಿಮಗೆ ಅದು ಪುಕ್ಕಟೆ ತಮಾಷೆ. ಕೈಯಲ್ಲೊಂದು ಚೀಲ, ಸೊಂಟದಲ್ಲೊಂದು ಕೂಸು ಇದ್ದವಳಿಗೆ, ತನ್ನ ಮುಂದೆ ಇನ್ನೂ ಆರು ಜನ ಬೆಣ್ಣೆ ತಟ್ಟಿಸಿಕೊಳ್ಳಬೇಕು. ವಾರದ ನಡುವೆ ಒಂದು ದಿನ ಮಧ್ಯಾಹ್ನ ಒಂದು ಗಂಟೆಗೇ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಅದು ಕಾನೂನು, ಕೆಲಸದವರಿಗೆ ಅರ್ಧ ದಿನ ರಜೆ. ಭಾನುವಾರ ಊರಿಗೆ ಊರೇ ಬಂದ್. ಭಾನುವಾರದ ನಿಯಮವೋ ಇನ್ನೂ ಸೊಗಸು. 1950ರ ಕಾಯ್ದೆಯಲ್ಲಿ ಭಾನುವಾರ ಊಟ-ತಿಂಡಿ ಮಾರಬಹುದಿತ್ತು, ಆದರೆ ಫಿಶ್ ಅಂಡ್ ಚಿಪ್ಸ್ ಅಂಗಡಿಯವನು ಫಿಶ್ ಅಂಡ್ ಚಿಪ್ಸ್ ಮಾರುವಂತಿರಲಿಲ್ಲ!

ಅಂದಹಾಗೆ, ಆ ಚಿಪ್ಸ್. ಅಷ್ಟು ರುಚಿ ಆಮೇಲೆ ಎಲ್ಲೂ ಸಿಗಲಿಲ್ಲ ಅಂದಿದ್ದೀರಿ. ಉತ್ತರ ಇಂಗ್ಲೆಂಡಿನ ಬಹಳಷ್ಟು ಅಂಗಡಿಗಳಲ್ಲಿ ಚಿಪ್ಸ್ ಕರಿಯುತ್ತಿದ್ದದ್ದು ದನದ ಕೊಬ್ಬಿನಲ್ಲಿ. ನಿಮ್ಮದು ಶುದ್ಧ ಸಸ್ಯಾಹಾರಿ ಮನೆ ಎಂದೂ ಬರೆದಿದ್ದೀರಿ. ಇದನ್ನು ಇಲ್ಲಿಗೇ ಬಿಡೋಣ.

ಇನ್ನೊಂದು ಮಾತಿದೆ, ಅದನ್ನು ಸುಮ್ನೆ ದಾಟಿ ಹೋಗಲಾರೆ. ಅಮ್ಮ ಎಷ್ಟೋ ಸಲ ‘ಈ ಅಂಗಡಿ ಬೇಡ, ಮುಂದಿನದಕ್ಕೆ ಹೋಗೋಣ’ ಅನ್ನುತ್ತಿದ್ದರು, ಕಾರಣ ಕೇಳಿದರೆ ಹೇಳುತ್ತಿರಲಿಲ್ಲ ಎಂದಿದ್ದೀರಿ. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಊಹಿಸುವುದು ಸರಿಯಲ್ಲ. ಆದರೆ ಕಾನೂನು ಹೇಗಿತ್ತು ಅಂತ ಹೇಳಬಲ್ಲೆ. ಬಣ್ಣ ನೋಡಿ ಜನರನ್ನು ಹೊರಗಿಡಬಾರದು ಎಂಬ ಮೊದಲ ಕಾಯ್ದೆ ಬ್ರಿಟನ್‌ಗೆ ಬಂದದ್ದು 1965ರಲ್ಲಿ. ಅದು ಹೋಟೆಲು, ಪಬ್ಬು, ಸಿನಿಮಾ ಮಂದಿರಗಳಿಗೆ ಅನ್ವಯಿಸಿತು. ಅಂಗಡಿಗಳು ಅದರಿಂದ ಹೊರಗೇ ಉಳಿದವು. ‘ನಿನಗೆ ಕೊಡೋದಿಲ್ಲ’ ಎಂದು ಅಂಗಡಿಯವನು ಹೇಳಿದರೆ ಅದೂ ತಪ್ಪು ಎಂದಾದದ್ದು 1968ರ ಕಾಯ್ದೆಯಿಂದ.

ಸರಿ, ಕೊಂದವರು ಯಾರು? ಒಂದೇ ತಾರೀಖು ಹೇಳು ಅಂದರೆ ನಾನು 1964 ಅನ್ನುತ್ತೇನೆ. ಅಲ್ಲಿವರೆಗೆ ಬ್ರಿಟನ್‌ನಲ್ಲಿ ಎಷ್ಟೋ ಸಾಮಾನಿನ ಚಿಲ್ಲರೆ ಬೆಲೆಯನ್ನು ಅಂಗಡಿಯವನಲ್ಲ, ತಯಾರಿಸಿದ ಕಂಪನಿಯೇ ಗೊತ್ತು ಮಾಡುತ್ತಿತ್ತು. ಅದಕ್ಕಿಂತ ಕಡಿಮೆಗೆ ಮಾರಿದರೆ ಮುಂದಿನ ಸಲ ಸರಕೇ ಇಲ್ಲ. ಹಾಗಾಗಿ ಒಂದು ಚಾಕೊಲೇಟಿಗೆ ಮೂಲೆ ಅಂಗಡಿಯಲ್ಲೂ ಅದೇ ಬೆಲೆ, ಪೇಟೆಯ ದೊಡ್ಡ ಅಂಗಡಿಯಲ್ಲೂ ಅದೇ ಬೆಲೆ. ಮತ್ತೆ ದೂರ ಯಾಕೆ ಹೋಗಬೇಕು? ಸಣ್ಣ ಅಂಗಡಿಗಳನ್ನು ಕಾಯುತ್ತಿದ್ದ ಬೇಲಿ ಅದು. ಬೆಲೆ ಇಳಿಸುವಂತಿಲ್ಲ ಅಂತ ದೊಡ್ಡವರು ಬೇರೆ ದಾರಿ ಹುಡುಕಿದರು. 1958ರಲ್ಲಿ ಗ್ರೀನ್ ಶೀಲ್ಡ್ ಸ್ಟ್ಯಾಂಪ್ ಬಂತು. ಸಾಮಾನು ಕೊಂಡರೆ ಹಸಿರು ಚೀಟಿ, ಪುಸ್ತಕ ತುಂಬ ಅಂಟಿಸಿದರೆ ಬಹುಮಾನ. 1964ರಲ್ಲಿ ಎಡ್ವರ್ಡ್ ಹೀತ್ ವಾಣಿಜ್ಯ ಮಂತ್ರಿಯಾಗಿದ್ದಾಗ ಕಾಯ್ದೆ ತಂದು ಆ ಬೇಲಿ ಕಿತ್ತರು. ಸಣ್ಣ ಅಂಗಡಿಯವರ ಓಟೇ ಆಧಾರವಾಗಿದ್ದ ಅವರದೇ ಕನ್ಸರ್ವೇಟಿವ್ ಪಕ್ಷದವರು ಸಿಟ್ಟಾದರು. ಟೆಸ್ಕೋ ಎಂಬ ಸೂಪರ್‌ಮಾರ್ಕೆಟ್ ಸರಣಿ ಕಟ್ಟಿದ ಜ್ಯಾಕ್ ಕೋಹೆನ್‌ಗೆ ಬೇಕಾಗಿದ್ದದ್ದು ಅದೇ. ಚಾಕೊಲೇಟ್ ಕಂಪನಿಗಳು ನಮಗೆ ಮಾತ್ರ ವಿನಾಯಿತಿ ಕೊಡಿ ಎಂದು ಕೋರ್ಟಿಗೆ ಹೋಗಿ 1967ರಲ್ಲಿ ಸೋತವು. ನಿಮ್ಮ ಮಿಠಾಯಿ ಅಂಗಡಿಯಾಕೆ ಆ ಸುದ್ದಿಯನ್ನು ತಾನೇ ಮಾರುವ ಪೇಪರಿನಲ್ಲಿ ಓದಿರಬಹುದು.

ಆದರೆ ಕಾಯ್ದೆ ಬಾಗಿಲು ತೆರೆಯಿತು ಅಷ್ಟೇ. ಒಳಗೆ ನಡೆದವರು ನಿಮ್ಮ ಅಮ್ಮನಂಥವರು. ಸೈನ್ಸ್‌ಬರಿಯವರು 1950ರಲ್ಲೇ ಕ್ರಾಯ್ಡನ್ನಿನಲ್ಲಿ, ಬುಟ್ಟಿ ಹಿಡಿದು ತಾವೇ ತೆಗೆದುಕೊಳ್ಳುವ ಅಂಗಡಿ ಶುರು ಮಾಡಿದ್ದರು. ಅಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಬೆಲೆ ಬರೆದಿರುತ್ತದೆ, ಉಚ್ಚಾರಣೆಗೆ ಯಾರೂ ನಗುವುದಿಲ್ಲ, ದುಡ್ಡು ಕಮ್ಮಿಯಿದ್ದರೆ ನಾಲ್ಕು ಜನರ ಎದುರು ಹೇಳಿಕೊಳ್ಳುವ ಕಷ್ಟವಿಲ್ಲ. 1970ರ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಮನೆಗೆ ಫ್ರಿಜ್ ಬಂದಿತ್ತು, ಕಾರು ಬರುತ್ತಿತ್ತು, ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದರು. ವಾರಕ್ಕೊಮ್ಮೆ ಹೋಗಿ ತಂದರೆ ಆಯಿತು ಅನ್ನುವಾಗ ದಿನಾ ನಾಲ್ಕು ಸಾಲಿನಲ್ಲಿ ಯಾರು ನಿಲ್ಲುತ್ತಾರೆ? ಆ ಅಂಗಡಿಗಳಿಗಾಗಿ ಹೆಚ್ಚು ಮರುಗುವವರು ಆಗ ಮಕ್ಕಳಾಗಿದ್ದವರು. ಸಾಲಿನಲ್ಲಿ ನಿಂತಿದ್ದವರು ಅಷ್ಟಾಗಿ ಮರುಗಿದ ಹಾಗೆ ನನಗೆ ಕಾಣುವುದಿಲ್ಲ.

ಕೋ-ಆಪ್ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. 1844ರ ಡಿಸೆಂಬರ್ 21ರಂದು, ನಿಮ್ಮದೇ ಲ್ಯಾಂಕಾಶೈರಿನ ರಾಚ್‌ಡೇಲ್‌ನಲ್ಲಿ, ನೇಕಾರರೂ ಇತರ ಕೆಲಸಗಾರರೂ ಚಿಲ್ಲರೆ ಕೂಡಿಸಿ ಟೋಡ್ ಲೇನಿನಲ್ಲಿ ಅಂಗಡಿ ತೆರೆದರು. ಮಾರಲು ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ, ಅಷ್ಟೇ. ಲಾಭವನ್ನು ಕೊಂಡವರಿಗೇ, ಅವರು ಕೊಂಡಷ್ಟಕ್ಕೆ ತಕ್ಕಂತೆ ಹಂಚಿದರು. ಅದೇ ‘ಡಿವಿ’, ಅಂದರೆ ಡಿವಿಡೆಂಡ್. ಸಾಮಾನು ತರಲು ಕಳಿಸಿದ ಮಗು ಅಮ್ಮನ ಡಿವಿ ನಂಬರು ಹೇಳಬೇಕು, ಮರೆತರೆ ಮನೆಯಲ್ಲಿ ಬೈಗುಳ. ನಿಮಗೆ ಆ ನಂಬರು ಇವತ್ತಿಗೂ ಬಾಯಿಪಾಠ! ಎಷ್ಟೋ ಮನೆಗಳಲ್ಲಿ ಮಕ್ಕಳ ಬೂಟು, ಚಳಿಗಾಲದ ಕೋಟು ಬರುತ್ತಿದ್ದದ್ದು ಆ ಡಿವಿಯಿಂದಲೇ.

ಇನ್ನು ನಿಮ್ಮ ಸಹಪಾಠಿಯ ಮಾತು. ಅದು ತಲೆಕೆಳಗು. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಿ ಅಂದ. 27 ಸಾವಿರಕ್ಕೂ ಜಾಸ್ತಿ ಜನ ಬ್ರಿಟನ್‌ಗೆ ಬಂದರು. ಬಹಳಷ್ಟು ಜನ ಗುಜರಾತಿಗಳು, ವ್ಯಾಪಾರ ಬಲ್ಲವರು. ಲೆಸ್ಟರ್ ನಗರಸಭೆ ‘ನಮ್ಮ ಊರಿಗೆ ಬರಬೇಡಿ’ ಎಂದು ಉಗಾಂಡಾದ ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟಿತ್ತು. ಆದರೂ ಬಂದರು. ಆ ಹೊತ್ತಿಗೆ ಮುಚ್ಚುತ್ತಿದ್ದ ಮೂಲೆ ಅಂಗಡಿಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳನ್ನು ಕೊಂಡು, ಮೇಲಿನ ಮನೆಯಲ್ಲಿ ವಾಸ ಮಾಡಿ, ಗಂಡ ಹೆಂಡತಿ ಮಕ್ಕಳೆಲ್ಲ ಸರದಿಯಲ್ಲಿ ಕೂತು, ಬೆಳಗ್ಗೆ ಪೇಪರಿನ ಹೊತ್ತಿನಿಂದ ರಾತ್ರಿವರೆಗೆ ತೆರೆದಿಟ್ಟರು. ಬ್ರಿಟನ್‌ನ ಮೂಲೆ ಅಂಗಡಿ ಇನ್ನೂ ಇಪ್ಪತ್ತು ಮೂವತ್ತು ವರ್ಷ ಉಸಿರಾಡಿದ್ದರಲ್ಲಿ ಇವರ ಪಾಲು ದೊಡ್ಡದು. ಲೆಸ್ಟರಿನ ಬೆಲ್‌ಗ್ರೇವ್ ರಸ್ತೆ ಈಗ ‘ಗೋಲ್ಡನ್ ಮೈಲ್’, ದೀಪಾವಳಿಗೆ ಊರೆಲ್ಲ ಅಲ್ಲಿಗೇ ಬರುತ್ತದೆ. ಮುಂದೆ 1994ರ ಕಾಯ್ದೆ ದೊಡ್ಡ ಅಂಗಡಿಗಳಿಗೂ ಭಾನುವಾರ ಆರು ಗಂಟೆ ಕಾಲ ಬಾಗಿಲು ತೆರೆಯಲು ಬಿಟ್ಟಾಗ ಪೆಟ್ಟು ತಿಂದವರೂ ಇವರೇ.

ವೂಲ್‌ವರ್ತ್ಸ್ ಮುಚ್ಚಿದಾಗ ಟಿವಿ ಮುಂದೆ ಕೂತು ಬೇಜಾರಾಯಿತು ಅಂದಿದ್ದೀರಿ. ನಿಮ್ಮ ಹಾಗೆ ಬಹಳ ಜನರಿಗೆ ಆಯಿತು. 1909ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾಗಿ, 2009ರ ಜನವರಿ 6ಕ್ಕೆ ಕೊನೆಯ ಅಂಗಡಿಗಳು ಮುಚ್ಚಿದವು. 807 ಅಂಗಡಿ, ಸುಮಾರು 27 ಸಾವಿರ ಜನರ ಕೆಲಸ. ಆದರೆ ಅದು ಅಮೆರಿಕದಿಂದ ಬಂದ ಸರಣಿ ಅಂಗಡಿ. ಆರು ಪೆನ್ಸಿಗಿಂತ ಜಾಸ್ತಿ ಬೆಲೆಯದ್ದು ಏನೂ ಇಲ್ಲ ಎಂದು ಎರಡನೇ ಮಹಾಯುದ್ಧದವರೆಗೂ ಹೇಳಿಕೊಂಡು ಬಂದಿತ್ತು. ಪಾತ್ರೆಗೊಂದು ಬೆಲೆ, ಮುಚ್ಚಳಕ್ಕೊಂದು ಬೆಲೆ! ಆಗಿನ ಸಣ್ಣ ಅಂಗಡಿಯವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ನೋಡಲು ಎಲ್ಲಿ ಸಿಗುತ್ತದೆ ಅಂದರೆ, ಮ್ಯಾಂಚೆಸ್ಟರಿನಿಂದ ರಾಚ್‌ಡೇಲ್ ಹತ್ತಿರ, ಟೋಡ್ ಲೇನಿನ ಆ ಕಟ್ಟಡವೇ ಈಗ ಮ್ಯೂಸಿಯಂ. ಯಾರ್ಕ್ ಕ್ಯಾಸಲ್ ಮ್ಯೂಸಿಯಂ ಒಳಗೆ ‘ಕರ್ಕ್‌ಗೇಟ್’ ಎಂಬ ಇಡೀ ಒಂದು ವಿಕ್ಟೋರಿಯಾ ಕಾಲದ ಅಂಗಡಿ ಬೀದಿಯಿದೆ. ಪಿಕರಿಂಗ್‌ನ ಜಾನ್ ಕರ್ಕ್ ಎಂಬ ಹಳ್ಳಿ ವೈದ್ಯರು ಕೂಡಿಸಿಟ್ಟ ಸಾಮಾನುಗಳಿಂದ ಅದು ಎದ್ದದ್ದು, 1938ರಲ್ಲಿ. ಅಂದರೆ ನೀವು ಹುಟ್ಟುವ ಮೊದಲೇ ಅಲ್ಲಿನವರು ಹಳೇ ಅಂಗಡಿ ಹೋಯಿತಲ್ಲ ಅಂತ ಕೊರಗಿ, ಮ್ಯೂಸಿಯಂ ಕಟ್ಟಿ ಮುಗಿಸಿದ್ದರು. ಒಂದೇ ಕಡೆ ಹೋಗಲು ಸಮಯವಿದ್ದರೆ ನಾನು ಹೇಳುವುದು ಡರ್ಹಮ್ ಕೌಂಟಿಯ ಬೀಮಿಶ್ ಎಂಬ ಬಯಲು ಮ್ಯೂಸಿಯಂ. ಅಲ್ಲಿ ಆನ್‌ಫೀಲ್ಡ್ ಪ್ಲೇನ್ ಎಂಬ ಊರಿನ ಕೋ-ಆಪ್ ಅಂಗಡಿಯನ್ನೇ ಕಿತ್ತು ತಂದು ನಿಲ್ಲಿಸಿದ್ದಾರೆ. ಮಿಠಾಯಿ ಅಂಗಡಿಯಲ್ಲಿ ಕಣ್ಣೆದುರೇ ಹಳೇ ಕ್ರಮದಲ್ಲಿ ಮಿಠಾಯಿ ಮಾಡಿ ಮಾರುತ್ತಾರೆ. ಜಾಗ ದೊಡ್ಡದು, ಇಡೀ ದಿನ ಬೇಕು. ಮಂಡಿ ನೋವು ಅಂತ ಬರೆದಿದ್ದೀರಿ, ಅಲ್ವಾ? ಒಳಗೆ ಹಳೇ ಟ್ರಾಮ್‌ಗಳು ಓಡಾಡುತ್ತವೆ. ಹತ್ತಿಕೊಳ್ಳಿ.

— ಸಂಪಾದಕ