ತಂಗುದಾಣ ಕಟ್ಟಿದರೆ ಬಸ್ಸು ಬಂದೀತೇ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: "ನಗರ ಸಾರಿಗೆಯ ಸುಧಾರಣೆಯಲ್ಲಿ ಸ್ವಯಂಸೇವಾ ಸಂಸ್ಥೆಗಳ ಪಾತ್ರವನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ರಸ್ತೆ ಸರಕಾರದ್ದು, ಬಸ್ಸು ಮಾಲಕರದ್ದು, ನಡುವೆ ಇವರಿಗೇನು ಕೆಲಸ? ಸೆಮಿನಾರ್, ಸೈಕಲ್ ಜಾಥಾ, ಫೋಟೋ, ಅಷ್ಟೇ. ಅವರಿಗಿಂತ ತಂಗುದಾಣ ಕಟ್ಟಿಸಿಕೊಟ್ಟ ನಮ್ಮೂರ ಕ್ಲಬ್ಬಿನವರೇ ಮೇಲು. ಅಂದ ಹಾಗೆ, ಹೆದ್ದಾರಿ ಅಗಲವಾದ ಮೇಲೆ ದೂರ ಹೋದ ಬಸ್ ನಿಲ್ದಾಣವನ್ನು ಹತ್ತಿರ ತರಿಸಲು ಯಾರಿಗೆ ಬರೆಯಬೇಕು?"

ಸಂಪಾದಕರ ಉತ್ತರ:

ಜಾಥಾದ ಮೇಲಿನ ನಿಮ್ಮ ಸಿಟ್ಟು ನ್ಯಾಯವೇ. ಬ್ಯಾನರ್ ಕಟ್ಟಿಕೊಂಡು ಅರ್ಧ ಗಂಟೆ ಪೆಡಲ್ ತುಳಿದವರು ಮರುದಿನ ಕಾರಿನಲ್ಲೇ ಬರುತ್ತಾರೆ, ಒಪ್ಪಿದೆ. ಆದರೆ ನೀವು ಮೆಚ್ಚಿದ ಆ ತಂಗುದಾಣವನ್ನೇ ಸ್ವಲ್ಪ ನೋಡೋಣ.

ನಮ್ಮಲ್ಲಿ ತಂಗುದಾಣ ಏಳುವುದು ಬಸ್ಸು ನಿಲ್ಲುವಲ್ಲಿ ಅಲ್ಲ, ಜಾಗ ಸಿಕ್ಕಿದಲ್ಲಿ. ಬಸ್ಸು ಮೂವತ್ತು ನಲವತ್ತು ಮೀಟರ್ ಆಚೆ ನಿಂತರೆ ಜನ ಅಲ್ಲೇ ಬಿಸಿಲಲ್ಲಿ ಕಾಯುತ್ತಾರೆ, ತಂಗುದಾಣ ಲಾಟರಿ ಮಾರುವವರಿಗೆ ಉಳಿಯುತ್ತದೆ. ಕರಾವಳಿಯ ರಸ್ತೆ ಉತ್ತರ ದಕ್ಷಿಣ ಹೋಗುತ್ತದೆ, ಮಳೆ ಪಡುವಣದಿಂದ ಬೀಸುತ್ತದೆ. ಹಾಗಾಗಿ ರಸ್ತೆಯ ಮೂಡಣ ಬದಿಯ ತಂಗುದಾಣದ ತೆರೆದ ಮುಖಕ್ಕೇ ಎರಚಲು ಹೊಡೆಯುತ್ತದೆ, ಜೂನ್‌ನಲ್ಲಿ ಬೆಂಚು ಒದ್ದೆ. ಅಲ್ಲಿ ಮಾಡು ಮುಂದಕ್ಕೆ ಒಂದು ಮೀಟರಾದರೂ ಚಾಚಬೇಕು, ಎರಡೂ ಪಕ್ಕಕ್ಕೆ ಗೋಡೆ ಬೇಕು, ಬಸ್ಸು ಬರುವ ಬದಿಯ ಗೋಡೆಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಕಿಂಡಿ ಇರಬೇಕು. ಇಲ್ಲದಿದ್ದರೆ ಬಸ್ಸು ಕಾಣಲೆಂದೇ ಜನ ಮಳೆಗೆ ಹೊರಗೆ ಬರುತ್ತಾರೆ. ಬೆಂಚಿನ ಎತ್ತರ 45 ಸೆಂಟಿಮೀಟರ್ ಸಾಕು. ಮೂರು ಮೆಟ್ಟಿಲಿನ ಜಗಲಿ ಬೇಡವೇ ಬೇಡ. ಇಷ್ಟೂ ಬಿಟ್ಟು ದಾನಿಗಳ ಹೆಸರಿನ ಅಮೃತಶಿಲೆ ಮಾತ್ರ ದೊಡ್ಡದು. ಬಸ್ಸಿನ ಸಮಯದ ಪಟ್ಟಿಗೆ ಒಂದು ಅಡಿ ಗೋಡೆ ಬಿಟ್ಟವರುಂಟೇ, ಹೇಳಿ ಮಾರಾಯ್ರೇ!

ಸರಿಯಾದ ಸಂಸ್ಥೆ ಮಾಡುವ ಕೆಲಸ ಬೇರೆ. ದೆಹಲಿಯ ವಾಹನ ಹೊಗೆಯ ಮೊಕದ್ದಮೆ 1985ರದ್ದು. ಅಲ್ಲಿನ ಪರಿಸರ ಸಂಸ್ಥೆ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್‌ವಿರಾನ್‌ಮೆಂಟ್ 1996ರಲ್ಲಿ ಆ ಹೊಗೆಯ ಬಗ್ಗೆ ತನ್ನ ವರದಿ ಹೊರತಂದಿತು. ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾಗಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1998ರ ಜುಲೈಯಲ್ಲಿ. ಗಡುವು 2001ರ ಮಾರ್ಚ್. ಗಡುವು ದಾಟಿತು, ಗ್ಯಾಸಿಗೆ ಬಸ್ಸುಗಳ ಸಾಲು ಹನುಮಂತನ ಬಾಲವಾಯಿತು, ಡೀಸೆಲೇ ಸಾಕೆಂಬ ವಾದ ಎದ್ದಿತು. ಪ್ರತಿ ತಾಂತ್ರಿಕ ನೆಪಕ್ಕೂ ತಾಂತ್ರಿಕ ಉತ್ತರ ಕೊಡುತ್ತ ಸಂಸ್ಥೆ ಜಗ್ಗದೆ ನಿಂತಿತು. ಕೆಲಸ ಮುಗಿದದ್ದು 2002ರ ಕೊನೆಗೆ. ಚೆನ್ನೈಯಲ್ಲಿ ಸಾರಿಗೆ ಸುಧಾರಣೆಗೆ ದುಡಿಯುವ ಐಟಿಡಿಪಿ ಸಂಸ್ಥೆ ನಗರಪಾಲಿಕೆಯ ಜೊತೆ ಕೂತು 2014ರಲ್ಲಿ ನಡೆಯುವವರ ಮತ್ತು ಸೈಕಲ್ ಸವಾರರ ಪರವಾದ ನೀತಿ ಬರೆಸಿತು. ಸಾರಿಗೆ ಬಜೆಟ್ಟಿನ ಕನಿಷ್ಠ ಶೇ. 60 ಅವರಿಗೇ ಹೋಗಬೇಕೆಂಬ ಮಾತು ಅದರಲ್ಲಿದೆ. ಅಲ್ಲಿನ ಅಂಗಡಿ ಬೀದಿ ಪಾಂಡಿ ಬಜಾರಿನ ಅಗಲ ಫುಟ್‌ಪಾತ್ 2019ರಲ್ಲಿ ತೆರೆಯಿತು, ಅದೂ ಮೊದಲು ತಾತ್ಕಾಲಿಕ ತಡೆ ಹಾಕಿ ಪ್ರಯೋಗ ಮಾಡಿ, ವ್ಯಾಪಾರಿಗಳಿಗೆ ಕಣ್ಣಾರೆ ತೋರಿಸಿದ ಮೇಲೆ. ಪುಣೆಯ 2016ರ ಪಾದಚಾರಿ ನೀತಿಯ ಹಿಂದೆ 'ಪರಿಸರ್' ಸಂಸ್ಥೆಯ ದುಡಿಮೆ ಇದೆ. ಇವರೆಲ್ಲ ಹಿಡಿದದ್ದು ಕತ್ತರಿ ರಿಬ್ಬನ್ ಅಲ್ಲ, ಟೇಪು ಮತ್ತು ಕಡತ.

ಅದನ್ನೇ ನಾಲ್ಕು ಜನರ ಯುವಕ ಮಂಡಲವೂ ಮಾಡಬಹುದು. ಒಂದು ನಿಲ್ದಾಣ ಆರಿಸಿ, ಶಾಲೆ ಇರುವ ಮಂಗಳವಾರದಿಂದ ಗುರುವಾರ, ಬೆಳಿಗ್ಗೆ 7.30ರಿಂದ 9.30, ಸಂಜೆ 3.30ರಿಂದ 5.30. ಒಬ್ಬರು ಬಸ್ಸಿನ ಹೆಸರು, ಸಮಯ ಬರೆಯಲಿ. ಇನ್ನೊಬ್ಬರು ತುಂಬಿದ ಬಗೆಗೆ ಅಂಕಿ ಹಾಕಲಿ: ಸೀಟು ಖಾಲಿ ಇದ್ದರೆ 1, ಭರ್ತಿಯಾದರೆ 2, ನಿಂತವರಿದ್ದರೆ 3, ಬಾಗಿಲಲ್ಲಿ ನೇತಾಡುತ್ತಿದ್ದರೆ 4, ನಿಲ್ಲಿಸದೆ ಹೋದರೆ 5. ಪ್ಯಾಡ್ ಹಿಡಿದು ಎದ್ದು ಕಾಣುವಂತೆ ನಿಂತರೆ ಲೆಕ್ಕ ಕೆಡುತ್ತದೆ, ಆ ದಿನ ಎಲ್ಲ ಬಸ್ಸೂ ಸಭ್ಯವಾಗಿ ನಿಲ್ಲುತ್ತದೆ. ಪ್ರಯಾಣಿಕರ ನಡುವೆ ನಿಂತು ಫೋನಿನಲ್ಲೇ ಬರೆಯಿರಿ. ಬಳಿಕ ಆರ್‌ಟಿಓ ಕಚೇರಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಆ ದಾರಿಯ ಪರ್ಮಿಟ್‌ಗಳ ಸಮಯಪಟ್ಟಿ ತರಿಸಿ, 30 ದಿನಗಳೊಳಗೆ ಕೊಡಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪರ್ಮಿಟ್‌ನಲ್ಲಿದ್ದು ರಸ್ತೆಯಲ್ಲಿಲ್ಲದ ಟ್ರಿಪ್ಪುಗಳು ತಾವಾಗಿ ಹೊರಬೀಳುತ್ತವೆ. 5 ಬಿದ್ದ ಹೊತ್ತು ಶಾಲೆ ಬಿಡುವ ಹೊತ್ತೇ ಆಗಿದ್ದರೆ ಕಾರಣವನ್ನೂ ತಿಳಿಯಿರಿ: 2022ರ ಮೇಯಲ್ಲಿ ಕೇರಳದ ಕನಿಷ್ಠ ದರ 10 ರೂಪಾಯಿ ಆದಾಗಲೂ ವಿದ್ಯಾರ್ಥಿಗಳದ್ದು 1 ರೂಪಾಯಿಯಲ್ಲೇ ಉಳಿಯಿತು. ಹತ್ತು ಮಕ್ಕಳು ಹತ್ತಿದರೆ ಕಂಡಕ್ಟರನ ಚೀಲಕ್ಕೆ ಬೀಳುವುದು ಒಬ್ಬ ದೊಡ್ಡವರ ಟಿಕೆಟ್ಟಿನ ಹಣ. ಆ ನಷ್ಟ ತುಂಬಿಕೊಡುವವರು ಯಾರು ಎಂಬ ಪ್ರಶ್ನೆ ಎತ್ತದೆ ಡ್ರೈವರನನ್ನು ಬಯ್ದು ಏನು ಫಲ?

ಫುಟ್‌ಪಾತ್ ಅಳತೆ ಇನ್ನೂ ಸುಲಭ. ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು ಅಡೆತಡೆ ಇಲ್ಲದ 1.8 ಮೀಟರ್ ಅಗಲ, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ನಮ್ಮ ಪೇಟೆಗಳಲ್ಲಿ ಚರಂಡಿಯ ಚಪ್ಪಡಿಯೇ ಫುಟ್‌ಪಾತ್. ಗೋಡೆಯಿಂದ ಅಂಚಿಗೆ ಅಳೆದು 2 ಮೀಟರ್ ಎಂದು ಬರೆಯಬೇಡಿ. ಕಂಬ, ಅಂಗಡಿ ಬೋರ್ಡು, ನಿಂತ ಬೈಕು ಕಳೆದು, ಅತಿ ಇಕ್ಕಟ್ಟಾದ ಜಾಗದ ಅಳತೆ ಬರೆಯಿರಿ. ಗಾಲಿಕುರ್ಚಿ ಸಿಕ್ಕಿಬೀಳುವುದು ಅಲ್ಲೇ.

ಇಲ್ಲಿ ಮನಸ್ಸಿನಲ್ಲಿದ್ದುದನ್ನೂ ಹೇಳಿಬಿಡುತ್ತೇವೆ. ಗಡಿನಾಡಿನಲ್ಲಿ ಕನ್ನಡದ ಸಂಘಗಳಿಗೆ ಬರವಿಲ್ಲ, ಶಾಲು ಹಾರಗಳಿಗೂ ಇಲ್ಲ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ಪ್ರತಿಭಟಿಸುತ್ತೇವೆ, ಪ್ರತಿಭಟಿಸಲೇಬೇಕು. ಅದೇ ಬಸ್ಸು ಟ್ರಿಪ್ಪನ್ನೇ ಕಡಿದಾಗ ಯಾರಿಗೂ ಸುದ್ದಿಯಿಲ್ಲ. ಕನ್ನಡ ಶಾಲೆಗೆ ಮಕ್ಕಳು ಬರುವುದಿಲ್ಲವೆಂದು ವೇದಿಕೆಯಲ್ಲಿ ಕಣ್ಣೀರಿಡುವವರು ಆ ಶಾಲೆಯ ಬಾಗಿಲಿಗೆ 9 ಗಂಟೆಯ ಬಸ್ಸಿದೆಯೇ ಎಂದು ನೋಡಿದ್ದಾರೆಯೇ? ಬೇರೆ ಶಾಲೆಯ ಹಳದಿ ವ್ಯಾನು ಮನೆಯಂಗಳಕ್ಕೆ ಬಂದರೆ ಮಗು ಅದನ್ನೇ ಹತ್ತುತ್ತದೆ. ವಾರ್ಡ್ ಸಭೆಗೆ ಹೋಗುವುದಿಲ್ಲ, ಪಂಚಾಯತಿನ ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪಿಗೆ ಹೆಸರು ಕೊಡುವುದಿಲ್ಲ, ಸಮ್ಮೇಳನದ ನಿರ್ಣಯಕ್ಕೆ ಮಾತ್ರ ಕೈ ಎತ್ತುತ್ತೇವೆ. ನಿಮ್ಮಂತೆ ಪತ್ರ ಬರೆಯುವವರಾದರೂ ಇದ್ದಾರಲ್ಲ!

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಷಟ್ಪಥ ಹೆದ್ದಾರಿಯಲ್ಲಿ ಬಸ್ಸು ನಿಲ್ಲಬೇಕಾದ್ದು ಸರ್ವಿಸ್ ರಸ್ತೆಯಲ್ಲಿ, ಆಚೆ ದಾಟಬೇಕಾದ್ದು ಅಂಡರ್‌ಪಾಸಿನಲ್ಲಿ. ಆದ್ದರಿಂದ "ಹಳೆಯ ಜಾಗಕ್ಕೇ ತನ್ನಿ" ಎನ್ನುವ ಬದಲು ಅಂಡರ್‌ಪಾಸಿನ ಬಾಯಿಗೆ ಹತ್ತಿರ ಕೇಳಿ, ತೀರಾ ಬಾಯಲ್ಲೇ ಬೇಡ. ನಿಂತ ಬಸ್ಸು ತಿರುಗುವ ವಾಹನಕ್ಕೆ ದಾಟುವವರನ್ನು ಮರೆಮಾಡುತ್ತದೆ. ಒಂದು ಅರ್ಜಿ ಪಂಚಾಯತಿನ ಟ್ರಾಫಿಕ್ ರೆಗ್ಯುಲೇಟರಿ ಕಮಿಟಿಗೆ, ಅದರ ಒಂದು ಪ್ರತಿ ಆರ್‌ಟಿಎಗೆ, ಅಂದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಜೊತೆಗೆ ಕೈಯಲ್ಲಿ ಬರೆದ ನಕ್ಷೆ, ಈಗ ನಡೆಯಬೇಕಾದ ದೂರ ಮೀಟರಿನಲ್ಲಿ, ಬೆಳಿಗ್ಗೆ 7.30ರಿಂದ 9.30ರೊಳಗೆ ಹತ್ತಿ ಇಳಿದವರ ಲೆಕ್ಕ. ಈ ಎರಡು ಕಡೆಗೂ ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕನ್ನೂ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಇನ್ನೊಂದು ಪ್ರತಿ ಹೆದ್ದಾರಿ ಪ್ರಾಧಿಕಾರಕ್ಕೂ ಹೋಗಲಿ. ಅದು ಕೇಂದ್ರದ್ದು, ಈ ಕಾಯ್ದೆ ಅದಕ್ಕೆ ತಾಗದು. ಅಲ್ಲಿಗೆ ಹೋಗುವ ಪ್ರತಿಯನ್ನು ಇಂಗ್ಲಿಷಿನಲ್ಲಿ ಮಾಡಿಸಿ, ನಕ್ಷೆ ಅದೇ ಸಾಕು.